ತಮಾಷೆ ಅವರದ್ದು, ಕ್ಷಮೆ ಮಾತ್ರ ನಿಮ್ಮದು

“ತಮಾಷೆಗೆ ಅಂದಿದ್ದು, ಅಷ್ಟಕ್ಕೇ ಮನಸ್ಸಿಗೆ ಹಚ್ಚಿಕೊಳ್ಳೋದಾ? ನಾವು ಕ್ರೈಸ್ತರು, ಕ್ಷಮಿಸಬೇಕು.”

ಈ ಎರಡು ಮಾತುಗಳನ್ನು ನಾನು ಸಾಮಾನ್ಯವಾಗಿ ಒಟ್ಟಿಗೇ ಕೇಳಿದ್ದೇನೆ. ಮೊದಲನೆಯದು ತಪ್ಪನ್ನು ಚಿಕ್ಕದು ಮಾಡುತ್ತದೆ. ಎರಡನೆಯದು ನೊಂದವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅಂದವನು ಹಾಯಾಗಿ ಮನೆಗೆ ಹೋಗಿ ಊಟ ಮಾಡುತ್ತಾನೆ, ಅನ್ನಿಸಿಕೊಂಡವನು ಮೊಣಕಾಲೂರಿ ತನ್ನ ಹೃದಯ ಗಟ್ಟಿಯಾಯಿತೇ ಎಂದು ಪರೀಕ್ಷಿಸಿಕೊಳ್ಳಬೇಕು. ನಾನು ಕ್ರೈಸ್ತ, ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಾ ಬೆಳೆದವನು. ಈ ವ್ಯವಹಾರವನ್ನು ನಮ್ಮವರು ಬೈಬಲ್ಲಿನ ಹೆಸರಲ್ಲಿ ನಡೆಸುವುದನ್ನು ನೋಡಿ ನೋಡಿ ಸಾಕಾಗಿದೆ. ಬೈಬಲ್ಲಿನಲ್ಲಿ ಅದಕ್ಕೆ ಆಧಾರವಿಲ್ಲ.

ಉದಾಹರಣೆಗೆ ಸ್ವಲ್ಪ ದೂರ ಹೋಗುತ್ತೇನೆ. ಅಲ್ಲಿ ಎಲ್ಲವೂ ಬಹಿರಂಗವಾಗಿ ನಡೆಯಿತು, ಹಾಗಾಗಿ ಸ್ಪಷ್ಟವಾಗಿ ಕಾಣುತ್ತದೆ. 2013ರ ಸೆಪ್ಟೆಂಬರ್. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಪಾಸ್ಟರ್ ರಿಕ್ ವಾರೆನ್, ಅಂದರೆ ‘ದಿ ಪರ್ಪಸ್ ಡ್ರಿವನ್ ಲೈಫ್’ ಬರೆದು ಜಗತ್ತಿನಾದ್ಯಂತ ಹೆಸರಾದವರು, ಫೇಸ್‌ಬುಕ್ಕಿನಲ್ಲಿ ಒಂದು ಚಿತ್ರ ಹಾಕಿದರು. ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದ ರೆಡ್ ಗಾರ್ಡ್ ಹುಡುಗಿಯ ಚಿತ್ರ. ನಮ್ಮ ಚರ್ಚಿನ ಸಿಬ್ಬಂದಿ ದಿನಾ ಬೆಳಿಗ್ಗೆ ಕೆಲಸಕ್ಕೆ ಬರುವುದು ಇದೇ ಹುರುಪಿನಲ್ಲಿ ಎಂಬ ಅರ್ಥದ ಅಡಿಬರಹ.

ನಗುವವರು ನಕ್ಕರು. ಚೀನೀ ಮೂಲದ ಅಮೆರಿಕನ್ ಕ್ರೈಸ್ತರಿಗೆ ನಗು ಬರಲಿಲ್ಲ. 1966ರಿಂದ 1976ರವರೆಗಿನ ಆ ಹತ್ತು ವರ್ಷಗಳಲ್ಲಿ ಚೀನಾದ ಚರ್ಚುಗಳಿಗೆ ಬೀಗ ಬಿತ್ತು. ಬೈಬಲ್ಲುಗಳು ಬೀದಿಯಲ್ಲಿ ಸುಟ್ಟುಹೋದವು. ಶಿಕ್ಷಕರನ್ನೂ ಪಾದ್ರಿಗಳನ್ನೂ ಜನರ ಮುಂದೆ ನಿಲ್ಲಿಸಿ ಅವಮಾನಿಸಲಾಯಿತು. ನಮ್ಮಲ್ಲೂ ಅನೇಕ ಕ್ರೈಸ್ತರ ಮನೆಯ ಕಪಾಟಿನಲ್ಲಿ ವಾಚ್‌ಮನ್ ನೀ ಪುಸ್ತಕಗಳಿರುತ್ತವೆ. 1952ರಲ್ಲಿ ಬಂಧಿತರಾದ ಅವರು 1972ರಲ್ಲಿ, ಆ ದಶಕದ ನಡುವೆಯೇ, ಬಂದಿಯಾಗಿಯೇ ತೀರಿಕೊಂಡರು. ಅಂಥ ಚಿತ್ರ ಒಬ್ಬ ಪಾಸ್ಟರ್‌ಗೆ ಸೋಮವಾರ ಬೆಳಗಿನ ಹಾಸ್ಯವಾಯಿತು. ಆಗ ಅವರ ಚರ್ಚು ಹಾಂಗ್‌ಕಾಂಗಿನಲ್ಲಿ ಶಾಖೆ ತೆರೆಯುವ ಸಿದ್ಧತೆಯಲ್ಲಿತ್ತು ಎಂಬುದನ್ನೂ ಸೇರಿಸಿಕೊಳ್ಳಿ.

ಆಕ್ಷೇಪ ಬಂದಾಗ ವಾರೆನ್ ಮೊದಲು ಕೊಟ್ಟ ಉತ್ತರ ಚಿತ್ರಕ್ಕಿಂತ ಮುಖ್ಯ. ಇದು ಜೋಕು, ಗಂಭೀರವಾಗಿ ತೆಗೆದುಕೊಳ್ಳುವವರು ನನ್ನನ್ನು ಹಿಂಬಾಲಿಸಬೇಕಾಗಿಲ್ಲ ಎಂದರು. ಯೇಸು ಕೂಡ ಪರ್ವತ ಪ್ರಸಂಗದಲ್ಲಿ ತಮಾಷೆ ಮಾಡಿದ್ದ, ಸ್ವನೀತಿವಂತರಿಗೆ ಅದು ಅರ್ಥವಾಗಲಿಲ್ಲ, ಶಿಷ್ಯರು ನಕ್ಕಿರುತ್ತಾರೆ ಎಂದೂ ಸೇರಿಸಿದರು. ಒಂದೇ ಉಸಿರಿನಲ್ಲಿ ನೊಂದವರು ಫರಿಸಾಯರಾದರು, ನಕ್ಕವರು ಶಿಷ್ಯರಾದರು! ಪರ್ವತ ಪ್ರಸಂಗದಲ್ಲಿ ಹಾಸ್ಯವಿದೆ, ಒಪ್ಪುತ್ತೇನೆ. ಕಣ್ಣಲ್ಲಿ ತೊಲೆ ಇಟ್ಟುಕೊಂಡು ಪಕ್ಕದವನ ಕಣ್ಣಿನ ಕಸ ತೆಗೆಯಲು ಹೊರಟವನ ಚಿತ್ರ ನಗು ತರಿಸುವಂಥದ್ದೇ. ಆದರೆ ಆ ನಗೆ ಯಾರ ಮೇಲೆ ಎಂದು ಓದಿದವರಿಗೆ ಗೊತ್ತು.

ಬೈಬಲ್ ವಿದ್ವಾಂಸ ಸ್ಯಾಮ್ ತ್ಸಾಂಗ್, ಕೊರಿಯನ್ ಮೂಲದ ಲೇಖಕಿ ಕ್ಯಾಥಿ ಖಾಂಗ್ ಮೊದಲಾದವರು ಬಿಡದೆ ಬರೆದರು. ಚಿತ್ರ ಅಳಿಸಲಾಯಿತು, ಕ್ಷಮಾಪಣೆಯೂ ಬಂತು, ಆದರೆ ಅದರೊಳಗೆ ನಿಮಗೆ ನೋವಾಗಿದ್ದರೆ ಎಂಬ ‘ದ್ದರೆ’ ಇತ್ತು. ಆ ಮೂರು ಅಕ್ಷರದ ಕನ್ನಡದ ‘ಇದ್ದರೆ’ ನಮ್ಮ ರಾಜಕಾರಣಿಗಳ ವಿಷಾದದಲ್ಲೂ ತಪ್ಪದೆ ಇರುತ್ತದೆ, ನಿಮಗೆ ಪರಿಚಯವಿರಬೇಕು. ಮುಂದಿನ ತಿಂಗಳು ಏಷ್ಯನ್ ಅಮೆರಿಕನ್ ಕ್ರೈಸ್ತರು ಅಲ್ಲಿನ ಇವಾಂಜೆಲಿಕಲ್ ಚರ್ಚಿಗೆ ಒಂದು ಬಹಿರಂಗ ಪತ್ರ ಬರೆದರು. ಹತ್ತಾರು ಪಾದ್ರಿಗಳು, ಪ್ರಾಧ್ಯಾಪಕರು, ಲೇಖಕರು ಸಹಿ ಹಾಕಿದರು, ಆಮೇಲೆ ನೂರಾರು ಜನ ಸೇರಿಕೊಂಡರು.

ಅದು ಒಂದು ಚಿತ್ರದ ಸಿಟ್ಟಾಗಿರಲಿಲ್ಲ. 2004ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಪ್ರಕಾಶನ ಸಂಸ್ಥೆ ಲೈಫ್‌ವೇ ತನ್ನ ವಿಬಿಎಸ್, ಅಂದರೆ ಮಕ್ಕಳ ರಜಾಕಾಲದ ಬೈಬಲ್ ಶಾಲೆಗೆ ‘ರಿಕ್ಷಾ ರ್‍ಯಾಲಿ’ ಎಂಬ ವಸ್ತು ಆರಿಸಿಕೊಂಡಿತ್ತು. ಜಪಾನಿನ ಕಿಮೋನೊ, ಚೀನೀ ಹೋಟೆಲಿನ ಊಟದ ಡಬ್ಬಿ ಎಲ್ಲವೂ ಒಂದೇ ಬುಟ್ಟಿಗೆ. ರಿಕ್ಷಾ ಎಂಬ ಪದವೇ ಜಪಾನಿಯದು, ಮನುಷ್ಯ ಎಳೆಯುವ ಗಾಡಿ ಎಂದು ಅದರ ಅರ್ಥ. ಮನುಷ್ಯನನ್ನು ಮನುಷ್ಯ ಎಳೆಯುವುದು ಸಣ್ಣ ಮಕ್ಕಳಿಗೆ ಸುವಾರ್ತೆಯ ಅಲಂಕಾರವಾಯಿತು. ಪ್ರತಿಭಟನೆ ಆಗಲೇ ಬಂದಿತ್ತು. ಸಂಸ್ಥೆಯ ಅಧ್ಯಕ್ಷರು ಕ್ಷಮೆ ಕೇಳಿದ್ದು 2013ರ ನವೆಂಬರಿನಲ್ಲಿ, ಆ ಬಹಿರಂಗ ಪತ್ರ ಬಂದ ಮೇಲೆ, ಒಂಬತ್ತು ವರ್ಷ ಕಳೆದು. ವಿಬಿಎಸ್‌ಗೆ ಬಂದಿದ್ದ ಮಕ್ಕಳು ಅಷ್ಟು ಹೊತ್ತಿಗೆ ಕಾಲೇಜಿಗೆ ಹೋಗುತ್ತಿದ್ದರು.

ಇದರ ನಡುವೆ 2009ರಲ್ಲಿ ಜೋಂಡರ್‌ವನ್ ಪ್ರಕಾಶನ ನಾಯಕತ್ವದ ಕುರಿತು ‘ಡೆಡ್ಲಿ ವೈಪರ್’ ಎಂಬ ಪುಸ್ತಕ ತಂದಿತ್ತು, ಕುಂಗ್‌ಫೂ ವೇಷದಲ್ಲಿ. ಪ್ರಾಧ್ಯಾಪಕ ಸೂಂಗ್-ಚಾನ್ ರಾ ಮುಂದೆ ನಿಂತು ಪ್ರತಿಭಟಿಸಿದರು. ಲೇಖಕರು ಕ್ಷಮೆ ಕೇಳಿದರು, ಪ್ರಕಾಶಕರು ಪುಸ್ತಕವನ್ನೇ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಈ ಕೊನೆಯದು ನನಗೆ ಪೂರ್ತಿ ಹಿಡಿಸಲಿಲ್ಲ. ವೇಷ ಕಳಚಿ ಮರುಮುದ್ರಿಸಬಹುದಿತ್ತು. ಪುಸ್ತಕವೇ ಮಾಯವಾದರೆ ವಾದವೂ ಅದರೊಂದಿಗೆ ಮಾಯವಾಗುತ್ತದೆ.

ಅಮೆರಿಕದ ಕಥೆ ನಮಗೇಕೆ ಎಂದು ಕೇಳುವವರಿಗೆ ಬೆಂಗಳೂರಿಗೆ ಬರುತ್ತೇನೆ.

ನಾಗಾಲ್ಯಾಂಡ್, ಮಿಜೋರಾಂಗಳಲ್ಲಿ ಕ್ರೈಸ್ತರು, 2011ರ ಜನಗಣತಿಯ ಪ್ರಕಾರ, ಶೇಕಡಾ 87ಕ್ಕೂ ಹೆಚ್ಚು. ಕರ್ನಾಟಕದಲ್ಲಿ ಶೇಕಡಾ ಎರಡೂ ಇಲ್ಲ. ಅಲ್ಲಿಂದ ಓದಲು, ದುಡಿಯಲು ಬಂದವರು ಭಾನುವಾರ ನಮ್ಮ ಆರಾಧನೆಗೆ ಬಂದು ಕೂರುತ್ತಾರೆ. ಆಸ್ಪತ್ರೆಯ ನರ್ಸುಗಳು, ಬ್ಯೂಟಿಪಾರ್ಲರಿನ ಹುಡುಗಿಯರು, ಸೆಕ್ಯುರಿಟಿ ಕೆಲಸದವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನಮ್ಮಲ್ಲಿ ಅನೇಕರಿಗಿಂತ ಚೆನ್ನಾಗಿ ಹಾಡುತ್ತಾರೆ, ನಾಲ್ಕು ಸ್ವರಗಳಲ್ಲಿ. ಹಾಡುವಾಗ ಅವರು ನಮ್ಮವರು. ಚಹಾ ಕುಡಿಯುವಾಗ ಅವರೇ ಬೇರೆ ಮೇಜು.

ನಾನು ಹೋಗುತ್ತಿದ್ದ ಒಂದು ಸಭೆಯಲ್ಲಿ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಯುವಜನರು ನಾಟಕ ಆಡಿದರು. ಮೂಡಣ ದೇಶದ ಜೋಯಿಸರು ಬರುವ ಭಾಗ. ಯಾರಿಗೋ ಹೊಳೆಯಿತು, ಮೂಡಣ ಎಂದರೆ ಚೀನಾ ತಾನೇ? ಮೂವರು ಹುಡುಗರು ಕಣ್ಣಿನ ಮೂಲೆಗೆ ಟೇಪು ಎಳೆದು ಅಂಟಿಸಿಕೊಂಡು, ಬಿದಿರು ಟೋಪಿ ಹಾಕಿ, ಚಿಂಗ್ ಚಾಂಗ್ ಎನ್ನುತ್ತಾ ಬಂದರು. ಬಂಗಾರ, ಧೂಪ, ಮೂರನೆಯವನ ಕೈಯಲ್ಲಿ ಮೋಮೊ ತಟ್ಟೆ. ಸಭೆ ಬಿದ್ದುಬಿದ್ದು ನಕ್ಕಿತು. ಎಡಗಡೆಯ ಹಿಂದಿನ ಎರಡು ಬೆಂಚುಗಳಲ್ಲಿ ಯಾರೂ ನಗಲಿಲ್ಲ.

ಮುಂದಿನ ಭಾನುವಾರ ಒಬ್ಬ ಮಿಜೋ ನರ್ಸ್ ಕಮಿಟಿಯವರ ಹತ್ತಿರ ಮಾತಾಡಿದರು, ಇಂಗ್ಲಿಷಿನಲ್ಲಿ, ಮೆಲ್ಲಗೆ. “ಬಸ್ಸಿನಲ್ಲಿ ದಿನಾ ಕೇಳುತ್ತೇವೆ. ಇಲ್ಲಿ ಕೇಳಲಿಕ್ಕಿಲ್ಲ ಅಂದುಕೊಂಡಿದ್ದೆ” ಎಂದರು. ಹಿರಿಯರೊಬ್ಬರು ನಯವಾಗಿಯೇ ಉತ್ತರಿಸಿದರು: “ಮಕ್ಕಳು ಸಿಸ್ಟರ್, ಮನಸ್ಸಿನಲ್ಲೇನೂ ಇಲ್ಲ. ನೀವು ಹಾಗೆ ತಗೋಬಾರದು. ಬಿಟ್ಟುಬಿಡಿ, ಕ್ಷಮಿಸಿಬಿಡಿ.” ನಾನು ಅಲ್ಲೇ ಇದ್ದೆ. ಕ್ಷಮೆ ಯಾರೂ ಕೇಳಿಲ್ಲವಲ್ಲ ಅಯ್ಯನವರೇ, ಕೇಳದ್ದನ್ನು ಕೊಡುವುದು ಹೇಗೆ ಎಂದೆ. ನನಗೆ ಸಿಕ್ಕ ಉತ್ತರ ಮತ್ತಾಯ 18: ತಪ್ಪು ಮಾಡಿದವನನ್ನು ಒಂಟಿಯಾಗಿ ಕಂಡು ಹೇಳಬೇಕಂತೆ, ನಾಲ್ಕು ಜನರ ಮುಂದೆ ಹೇಳಬಾರದಂತೆ. ಇನ್ನೂರು ಜನರ ಮುಂದೆ, ಮೈಕು ಹಾಕಿ ಆಡಿದ ನಾಟಕಕ್ಕೆ!

ಮತ್ತಾಯ 18ನ್ನು ಅರ್ಧಕ್ಕೆ ನಿಲ್ಲಿಸುವವರು ಮುಂದಿನ ಎರಡು ವಚನಗಳನ್ನೂ ಓದಬೇಕು. ಒಂಟಿಯಾಗಿ ಹೇಳಿದ್ದನ್ನು ಕೇಳದಿದ್ದರೆ ಸಾಕ್ಷಿಗಳೊಂದಿಗೆ ಹೋಗು, ಆಗಲೂ ಕೇಳದಿದ್ದರೆ ಸಭೆಗೇ ತಿಳಿಸು ಎಂದಿದೆ. ಆ ಅಧ್ಯಾಯದ ದಾರಿ ಸಭೆಯ ಕಡೆಗೇ ಹೋಗುತ್ತದೆ. ಆ ನರ್ಸ್ ಮೊದಲ ಹೆಜ್ಜೆಯನ್ನು ನಿಯಮದ ಪ್ರಕಾರವೇ ಇಟ್ಟಿದ್ದರು. ಮುಂದಿನ ಹೆಜ್ಜೆಗೆ ಬಾಗಿಲು ಹಾಕಿದ್ದು ನಾವು.

ಇನ್ನೊಂದು ಮಾತು, ‘ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ ಎಂಬ ಭೇದವಿಲ್ಲ, ನೀವೇ ಭೇದ ತರುತ್ತಿದ್ದೀರಿ.’ ಇದು ಪೌಲ ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಿಂದ ಬಂದದ್ದು. ಒಂದು ಅಧ್ಯಾಯ ಹಿಂದೆ ಹೋದರೆ ಅದೇ ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ ಪ್ರಸಂಗವಿದೆ. ಯಾವ ತಪ್ಪಿಗೆ? ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಜನ ಬಂದ ಕೂಡಲೇ ಎದ್ದು ಬೇರೆ ಕುಳಿತ. ಅಷ್ಟೇ. ಬಾಯಿಬಿಟ್ಟು ಯಾರನ್ನೂ ಬೈದಿರಲಿಲ್ಲ. ಪೌಲ ಅವನನ್ನು ಕೋಣೆಗೆ ಕರೆದು ಮೆಲ್ಲಗೆ ಹೇಳಲಿಲ್ಲ, ಎಲ್ಲರ ಮುಂದೆ ಹೇಳಿದ. ಸಾಲದ್ದಕ್ಕೆ ಪತ್ರದಲ್ಲೂ ಬರೆದ. ಎರಡು ಸಾವಿರ ವರ್ಷಗಳಿಂದ ಅದನ್ನು ಜಗತ್ತೆಲ್ಲ ಓದುತ್ತಿದೆ. ಬಹಿರಂಗ ಪತ್ರ ಕ್ರೈಸ್ತರಿಗೆ ತಕ್ಕದ್ದಲ್ಲ ಎನ್ನುವವರು ಹೊಸ ಒಡಂಬಡಿಕೆಯ ಎಷ್ಟು ಪುಟಗಳನ್ನು ಹರಿಯಬೇಕಾದೀತು!

ಮೂರನೆಯ ವಾದಕ್ಕೆ ಮಾತ್ರ ನಾನು ಸ್ವಲ್ಪ ಬಗ್ಗುತ್ತೇನೆ. ಮನೆಯ ಮಾತನ್ನು ಬೀದಿಗೆ ತರಬೇಡಿ, ನಾವು ಮೊದಲೇ ಕಡಿಮೆ ಜನ ಎಂಬ ವಾದ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದದ್ದನ್ನು ಕಂಡವರಿಗೆ, 2022ರ ಮತಾಂತರ ನಿಷೇಧ ಕಾಯ್ದೆಯ ನಂತರ ಮನೆಯಲ್ಲಿ ಪ್ರಾರ್ಥನೆಗೆ ಕೂರಲೂ ಅಳುಕಿದವರಿಗೆ ಈ ಹೆದರಿಕೆ ಸುಳ್ಳಲ್ಲ. ಹೊರಗಿನ ಕನ್ನಡ ಲೋಕ ನಮಗೂ ಪಡಿಯಚ್ಚು ಮಾಡಿಟ್ಟಿದೆ. ಹಳೆಯ ಸಿನಿಮಾಗಳಲ್ಲಿ ಕಳ್ಳಸಾಗಣೆಯವನ ಹೆಸರು ರಾಬರ್ಟ್, ಕ್ಯಾಬರೆಯವಳ ಹೆಸರು ಜೂಲಿ, ಪಾದ್ರಿಯದು ಮುರುಕು ಕನ್ನಡ. ‘ಮನೆಯಲ್ಲಿ ಇಂಗ್ಲಿಷಾ ಮಾತಾಡೋದು?’ ಎಂದು ಈಗಲೂ ಕೇಳುತ್ತಾರೆ. ಇಲ್ಲ ಎಂದರೆ ಕಿಟೆಲ್ ಹೆಸರು ತೆಗೆದು ಹೊಗಳುತ್ತಾರೆ. ಕಿಟೆಲ್ ಜರ್ಮನಿಯವರು ಸ್ವಾಮಿ, ನಾನು ಈ ಊರಿನವನು. ನಾ. ಡಿಸೋಜ 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಮೇಲೂ ಈ ಪ್ರಶ್ನೆ ನಿಂತಿಲ್ಲ.

ಆದ್ದರಿಂದಲೇ ನನಗೆ ಸಿಟ್ಟು. ಅಚ್ಚಿನೊಳಗೆ ಸಿಕ್ಕಿಕೊಂಡ ಅನುಭವವಿರುವವರು ಇನ್ನೊಬ್ಬರಿಗೆ ಅಚ್ಚು ಎರಕ ಹೊಯ್ಯುವುದು ಹೇಗೆ? 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2020ರ ಮಾರ್ಚಿನಲ್ಲಿ ಮೈಸೂರಿನ ಸೂಪರ್‌ಮಾರ್ಕೆಟ್ ಒಂದರ ಬಾಗಿಲಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ತಡೆದರು, ಮುಖ ನೋಡಿ. ನಾಟಕದ ಟೇಪಿಗೂ ಆ ಬಾಗಿಲಿಗೂ ನೇರ ನಂಟಿದೆ ಎಂದು ನಾನು ವಾದಿಸುವುದಿಲ್ಲ. ಮುಖ ನೋಡಿಯೇ ಮನುಷ್ಯ ಇಂಥವನು ಎಂದು ತೀರ್ಮಾನಿಸುವ ಅಭ್ಯಾಸ ಎರಡೂ ಕಡೆ ಒಂದೇ. ಅದನ್ನು ನಾವು ಮಕ್ಕಳಿಗೆ ಚಪ್ಪಾಳೆ ತಟ್ಟಿ ಕಲಿಸಿದೆವು.

ಇನ್ನು ಸಹನೆಯ ವಿಚಾರ. 2006ರಲ್ಲಿ ‘ದ ಡಾ ವಿಂಚಿ ಕೋಡ್’ ಸಿನಿಮಾ ಬಂದಾಗ ದೇಶದ ಕ್ರೈಸ್ತ ಸಂಘಟನೆಗಳು ಬೀದಿಗಿಳಿದವು. ತಮಿಳುನಾಡು, ಗೋವಾ, ನಾಗಾಲ್ಯಾಂಡ್ ಸೇರಿ ಕೆಲವು ರಾಜ್ಯಗಳು ಅದನ್ನು ನಿಷೇಧಿಸಿದವು. ಕಥೆ ಕಟ್ಟಿದ್ದಷ್ಟೇ ಎಂದು ಯಾರಾದರೂ ಹೇಳಿದರೆ ನಮ್ಮವರು ಒಪ್ಪಲಿಲ್ಲ. ಮಕ್ಕಳು ಮಾಡಿದ್ದು, ಬಿಟ್ಟುಬಿಡಿ, ಕ್ಷಮಿಸಿ ಎಂದು ಆಗ ಯಾವ ಹಿರಿಯರೂ ಪ್ರಸಂಗ ಮಾಡಿದ ನೆನಪಿಲ್ಲ. ಯೇಸುವಿಗೆ ತನ್ನ ಮಾನ ಕಾಯಲು ನಮ್ಮ ಪಹರೆ ಬೇಕಿರಲಿಲ್ಲ. ಪಹರೆ ಬೇಕಾಗಿದ್ದವರು ಹಿಂದಿನ ಬೆಂಚಿನಲ್ಲಿದ್ದರು. ಅವರ ಪಾಲಿಗೆ ನಮ್ಮ ಹತ್ತಿರ ಉಳಿದಿದ್ದು ಇನ್ನೊಂದು ಕೆನ್ನೆಯ ಉಪದೇಶ ಮಾತ್ರ. ಆ ಮಾತನ್ನು ಯೇಸು ಹೇಳಿದ್ದು ಹೊಡೆಸಿಕೊಂಡವರಿಗೆ, ಅವನೂ ಹೊಡೆಸಿಕೊಂಡವನೇ. ಹೊಡೆದವನು ಪಕ್ಕದಲ್ಲಿ ನಿಂತು ಅದೇ ವಚನವನ್ನು ಕಂಠಪಾಠ ಒಪ್ಪಿಸಿದರೆ ಅದಕ್ಕೆ ಏನೆಂದು ಹೆಸರಿಡೋಣ?

ಕ್ಷಮೆಯ ವಿರುದ್ಧ ನಾನು ಬರೆಯುತ್ತಿಲ್ಲ. ಆ ನರ್ಸ್ ಬಹುಶಃ ಆ ರಾತ್ರಿಯೇ ಕ್ಷಮಿಸಿರಬಹುದು, ಅದು ಅವರ ಮತ್ತು ದೇವರ ನಡುವಿನ ಮಾತು. ಸಭೆ ಮಾಡಬೇಕಾದ ಕೆಲಸ ಬೇರೆ ಇತ್ತು. ಅದಕ್ಕೊಂದು ಮಾದರಿಯೂ ನಮ್ಮ ಪುಸ್ತಕದಲ್ಲೇ ಇದೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ: ಯೆರೂಸಲೇಮಿನ ಮೊಟ್ಟಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು, ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಮರೆಯುತ್ತಿದ್ದೀರಿ ಎಂದು. ಭಾಷೆಯ ಜಗಳವೇ. ಅಪೊಸ್ತಲರು ಒಗ್ಗಟ್ಟಿನ ಪ್ರಸಂಗ ಮಾಡಬಹುದಿತ್ತು, ಉದ್ದೇಶಪೂರ್ವಕವಲ್ಲ ಎನ್ನಬಹುದಿತ್ತು. ಅವರು ಇಡೀ ಸಭೆ ಕರೆದು, ಹಂಚುವ ಅಧಿಕಾರವನ್ನೇ ಏಳು ಜನರಿಗೆ ಒಪ್ಪಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಗೊಣಗಿದವರ ಕಡೆಯವರ ಕೈಗೇ ಸೌಟು ಹೋಯಿತು.

ನಾನು ಹೇಳಿದ ಸಭೆಯಲ್ಲಿ ಕಮಿಟಿ ಸದಸ್ಯರ ಹೆಸರುಗಳನ್ನು ಬಾಗಿಲ ಪಕ್ಕದ ಫಲಕದಲ್ಲಿ ಬರೆದಿರುತ್ತಾರೆ. ಪ್ರತಿ ಚುನಾವಣೆಯ ನಂತರ ಹೊಸದಾಗಿ ಬಣ್ಣ ಬಳಿಯುತ್ತಾರೆ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಏನು ಆಡಬೇಕು, ಯಾರು ಆಡಬೇಕು ಎಂದು ತೀರ್ಮಾನಿಸುವವರು ಅವರೇ. ಈಶಾನ್ಯದವರು ಅಲ್ಲಿಗೆ ಬರಲು ಶುರುಮಾಡಿ ಹದಿನೈದು ವರ್ಷ ಮೀರಿತು. ಹೋದ ತಿಂಗಳು ಗೆಳೆಯನೊಬ್ಬನ ಮದುವೆಗೆ ಹೋದಾಗ ಫಲಕದ ಮುಂದೆ ನಿಂತು ಮೇಲಿಂದ ಕೆಳಗೆ ಓದಿದೆ. ಹದಿಮೂರು ಹೆಸರುಗಳಿದ್ದವು. ಎಲ್ಲರೂ ನನಗೆ ಪರಿಚಯದವರೇ.