ಕಸೂತಿಗೆ ಜ್ಞಾನ ಯಾಕ್ರೀ?

ನಮ್ಮ ಓಣಿಯ ಕಾಕೂ ಒಬ್ಬರು ಕಸೂತಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಲು ಹೋಗಿದ್ದರು. ಕೌಂಟರಿನ ಹುಡುಗ ಫಾರ್ಮ್ ನೋಡಿ ಓದಿದ: ‘ಕಸೂತಿ ಕಲೆಯ ಜ್ಞಾನ ಹೊಂದಿರುವಿರಾ?’ ಕಾಕೂ ನಕ್ಕು, ‘ಜ್ಞಾನ ಗೀನ ನಮಗೆಲ್ಲಿಂದ ಬರಬೇಕೋ ತಮ್ಮಾ, ನಾವೇನ್ ಸ್ವಾಮಿಗೋಳೇನು?’ ಅಂದರು. ಹುಡುಗ ‘ಇಲ್ಲ’ಕ್ಕೆ ಟಿಕ್ ಹಾಕಿದ. ಕೆಲಸ ಬೇರೆಯವರ ಪಾಲಾಯಿತು.

ಇದೇ ಕಾಕೂಗೆ ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆ ಕೈಗೂಡಿವೆ. ಇಳಕಲ್ ಸೀರೆಯ ಮೇಲೆ ಪೆನ್ಸಿಲ್ ಗೆರೆಯೂ ಇಲ್ಲದೆ, ಬರೀ ಎಳೆ ಎಣಿಸಿ ಗೋಪುರ ಎಬ್ಬಿಸುತ್ತಾರೆ. ಗಂಟು ಹಾಕುವುದಿಲ್ಲ, ಗವಂತಿ ಹಾಕಿದ ಬಟ್ಟೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ. ಹುಡುಗ ‘ಕಸೂತಿ ಬರ್ತೈತೇನ್ರಿ?’ ಅಂತ ಕೇಳಿದ್ದರೆ ಸಾಕಿತ್ತು.

ನಾನು ಹುಬ್ಬಳ್ಳಿಯಲ್ಲಿ ಕೂತು ಹೊಟ್ಟೆಪಾಡಿಗೆ ಅನುವಾದದ ಫೈಲು ನೋಡುವವ. ನಮ್ಮ ಪದಪಟ್ಟಿಯಲ್ಲಿ ಇಂಗ್ಲಿಷಿನ ‘ನಾಲೆಜ್’ ಎದುರಿಗೆ ಫ್ರೆಂಚ್ ಕಾಲಮ್ಮಿನಲ್ಲಿ ಮೂರು ಪದ ಇವೆ: ‘ಸವ್ವಾರ್’, ‘ಕೊನೆಸಾನ್ಸ್’, ‘ಸವ್ವಾರ್-ಫೇರ್’. ಫ್ರೆಂಚರಿಗೆ ವಿಷಯ ಗೊತ್ತಿದ್ದರೆ, ಈಜು ಬಂದರೆ ‘ಸವ್ವಾರ್’ ಕ್ರಿಯಾಪದ, ಮನುಷ್ಯ, ಊರು ಪರಿಚಯವಿದ್ದರೆ ‘ಕೊನೆತ್ರ್’, ಕೈಚಳಕಕ್ಕೆ ‘ಸವ್ವಾರ್-ಫೇರ್’. ಯಾವುದಪ್ಪಾ ಹಾಕೋದು ಅಂತ ಫ್ರೆಂಚ್ ಅನುವಾದಕಿ ಪ್ರತಿ ಸಲ ಮೇಲ್ ಮಾಡಿ ಕೇಳ್ತಾಳೆ. ಕನ್ನಡದ ಕಾಲಮ್ಮಿನಲ್ಲಿ ಒಂದೇ ಪದ: ಜ್ಞಾನ. ಯಾರೂ ಏನೂ ಕೇಳೋದಿಲ್ಲ.

ಹಾಗಾದರೆ ಕನ್ನಡ ಬಡವಾಗಿದೆಯೇ? ಎಲ್ಲಿಯದು! ನಮಗೆ ವಿಳಾಸ ‘ಗೊತ್ತದ’, ಪೋಸ್ಟಿನವರ ‘ಗುರ್ತ ಅದ’, ಅಡಿಗಿ ‘ಬರ್ತದ’, ಲೋಕದ ‘ತಿಳಿವಳಿಕೆ’ ಇದೆ, ಒಳಗೆ ‘ಅರಿವು’ ಇದೆ. ಫ್ರೆಂಚರ ‘ಸವ್ವಾರ್’ ಒಂದೇ ಪದದಲ್ಲಿ ಹಿಡಿದಿಟ್ಟಿದ್ದನ್ನೂ ನಾವು ಗೊತ್ತು, ಬರ್ತದ ಅಂತ ಬಿಡಿಸಿ ಹೇಳ್ತೀವಿ. ಇದಿಷ್ಟನ್ನೂ ಬಾಯಲ್ಲಿ ಇಟ್ಟುಕೊಂಡು, ಬರೆಯಲು ಕೂತ ಕೂಡಲೇ ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ್ದೂ ಒಂದೇ ಪದ ಅಂತ ಲೆಕ್ಕ ಹಾಕುತ್ತೇವೆ.

‘ಪರಿಭಾಷೆಯಲ್ಲಿ ಏಕರೂಪತೆ ಬೇಕಲ್ವಾ’ ಅನ್ನುವವರಿದ್ದಾರೆ. ಬೇಕು, ವೈದ್ಯಕೀಯ ಪುಸ್ತಕದಲ್ಲಿ ಬೇಕು. ಅರ್ಜಿ ಫಾರ್ಮು ಪರಿಭಾಷೆಯಲ್ಲ, ಮನುಷ್ಯರಿಗೆ ಕೇಳುವ ಪ್ರಶ್ನೆ. ನನಗೆ ‘ಜ್ಞಾನ’ದ ಮೇಲೆ ಸಿಟ್ಟೇನಿಲ್ಲ. 2008ರ ಕರ್ನಾಟಕ ಜ್ಞಾನ ಆಯೋಗಕ್ಕೆ ಆ ಹೆಸರು ಒಪ್ಪುತ್ತದೆ. ಆದರೆ ‘ಕಂಪ್ಯೂಟರ್ ಜ್ಞಾನ’, ‘ಚಾಲನಾ ಜ್ಞಾನ’? ಸ್ಟೇರಿಂಗ್ ಹಿಡಿಯೋಕೆ ಬೋಧಿವೃಕ್ಷದ ಕೆಳಗೆ ಕೂರಬೇಕಾ?

ನಮ್ಮೂರಿನಲ್ಲೇ ಬೇರೆ ದಾರಿ ಹಿಡಿದವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಧ್ಯೇಯವಾಕ್ಯ ಗೀತೆಯಿಂದ ಬಂದದ್ದು, ಅಲ್ಲಿ ಇರುವುದು ‘ಜ್ಞಾನ’. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು ‘ಅರಿವೇ ಗುರು’. ಇಂಗ್ಲಿಷಿಗೆ ಹೋದರೆ ಎರಡೂ ‘ನಾಲೆಜ್’. ಅಲ್ಲಿಂದ ತಿರುಗಿ ಕನ್ನಡಕ್ಕೆ ತಂದರೆ ಎರಡೂ ‘ಜ್ಞಾನ’ವೇ ಆಗುತ್ತವೆ. ಹೋಗಿ ಬರುವಷ್ಟರಲ್ಲಿ ಅರಿವು ಕಳೆದೇ ಹೋಯ್ತು!

ಆಫೀಸಿನಲ್ಲಿ ದಿನಾ ‘ಕೆಟಿ’ ಕೊಡುವ, ಆ್ಯಪಿಗೆ ಕನ್ನಡ ಹಾಕುವ ಗೆಳೆಯರಲ್ಲಿ ಒಂದು ಮಾತು. ‘ಜ್ಞಾನ’ ಅಂತ ಟೈಪ್ ಮಾಡುವ ಮೊದಲು ಆ ಸಾಲನ್ನು ಮನೆಯಲ್ಲಿ ಅವ್ವನಿಗೋ ಅಜ್ಜಿಗೋ ಜೋರಾಗಿ ಓದಿ ಹೇಳಿ. ಅವರು ನಕ್ಕರೆ ಬದಲಿಸಿ. ನಾವು ತಪ್ಪು ಪದ ಹಾಕಿದರೆ ನಮ್ಮ ಸಂಬಳವೇನೂ ಕಡಿಮೆಯಾಗುವುದಿಲ್ಲ, ಕಡಿಮೆಯಾಗುವುದು ಕಾಕೂನಂಥವರ ಗಳಿಕೆ.

ಕಾಕೂ ಈ ಸಲ ಮತ್ತೆ ಅರ್ಜಿ ಹಾಕುತ್ತಾರಂತೆ. ‘ಏನ್ ಕೇಳಿದ್ರೂ ಹೂಂ ಅನ್ರಿ’ ಅಂತ ಹೇಳಿಕೊಟ್ಟಿದ್ದೇನೆ. ಫಾರ್ಮ್ ಮಾತ್ರ ಇನ್ನೂ ಅದೇ ಇದೆ.