ಯೋಧರ ಪಾಲು ಯೋಧರಿಗೇ ಸಲ್ಲಲಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ವಾಷಿಂಗ್ಟನ್ ಆಸುಪಾಸಿನ ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ನಮ್ಮವರು ಕಟ್ಟಿದ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಫೆಡರಲ್ ಸರ್ಕಾರದ ಗುತ್ತಿಗೆಯೇ ಜೀವಾಳ. ಒಂದು ಕಾಂಟ್ರಾಕ್ಟ್‌ನಲ್ಲಿ ಪ್ರೈಮ್ (ಮುಖ್ಯ ಗುತ್ತಿಗೆದಾರ) ಆದವರು ಇನ್ನೊಂದರಲ್ಲಿ ಸಬ್ (ಉಪಗುತ್ತಿಗೆದಾರ) ಆಗಿರುತ್ತಾರೆ. ಈ ವ್ಯವಹಾರದಲ್ಲಿರುವವರ ಕಿವಿಗೆ ಆಗಾಗ ಒಂದು ಸಲಹೆ ಬೀಳುತ್ತದೆ: "ಒಬ್ಬರು ವೆಟರನ್ ಸಿಕ್ಕರೆ ಸಾಕು, ಅವರ ಹೆಸರಲ್ಲಿ ಕಂಪನಿ ಮಾಡೋಣ, ಕೆಲಸವೆಲ್ಲ ನಾವು ನೋಡ್ಕೋಬಹುದು." ಹೇಳುವವರು ಇದನ್ನು ಜಾಣತನವೆಂದುಕೊಂಡಿರುತ್ತಾರೆ. ನನ್ನ ಕಣ್ಣಿಗೆ ಇದು ಗಾಯಗೊಂಡು ಬಂದ ಯೋಧರ ಅನ್ನಕ್ಕೆ ಕೈ ಹಾಕುವ ಕೆಲಸ. ಅದಕ್ಕೇ ಈ ಮನವಿ.

ಹಿನ್ನೆಲೆಯನ್ನು ಸ್ವಲ್ಪ ನೋಡಿ. ಸೇನಾ ಸೇವೆಯಿಂದಾಗಿ ಅಂಗವೈಕಲ್ಯಕ್ಕೆ ಒಳಗಾದವರು ಸ್ವಂತ ಉದ್ಯಮ ಕಟ್ಟಿ ನಿಲ್ಲಲೆಂದು ಅಮೆರಿಕದ ಕಾಂಗ್ರೆಸ್ 1999ರಲ್ಲಿ ಒಂದು ಗುರಿ ಗೊತ್ತುಮಾಡಿತು. ಫೆಡರಲ್ ಸರ್ಕಾರ ನೇರವಾಗಿ ಕೊಡುವ ಗುತ್ತಿಗೆಯ ಮೊತ್ತದಲ್ಲಿ ಕನಿಷ್ಠ ಶೇ. 3ರಷ್ಟು ಅಂಥವರ ಸಣ್ಣ ಉದ್ಯಮಗಳಿಗೆ ಸಿಗಬೇಕು ಎಂಬುದು ಆ ಗುರಿ. ಅವರಿಗಷ್ಟೇ ಮೀಸಲಿಟ್ಟು ಟೆಂಡರ್ ಕರೆಯುವ ಅಧಿಕಾರ 2003ರಲ್ಲಿ ಬಂತು. ಯೋಧರ ಕಲ್ಯಾಣವನ್ನೇ ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ತನ್ನ ಖರೀದಿಯಲ್ಲಿ ಅವರಿಗೆ ಮೊದಲ ಆದ್ಯತೆ ಕೊಡಬೇಕೆಂದು 2006ರ ಕಾನೂನು ಹೇಳಿತು. ಆ ಆದ್ಯತೆ ಇಲಾಖೆಯ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ, ವರ್ಷದ ಗುರಿ ಮುಟ್ಟಿದ ಮೇಲೂ ಪಾಲಿಸಲೇಬೇಕಾದದ್ದು ಎಂದು 2016ರ ಕಿಂಗ್ಡಮ್‌ವೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು. ಮೊದಲ ಶೇ. 3ರ ಗುರಿ ಈಗ ಶೇ. 5ಕ್ಕೆ ಏರಿದೆ.

ಪಾಲು ಹೀಗೆ ಬೆಳೆಯಿತು, ಕಾವಲು ಮಾತ್ರ ಬಹುಕಾಲ ಸಡಿಲವಾಗಿಯೇ ಇತ್ತು. ವೆಟರನ್ಸ್ ಅಫೇರ್ಸ್ ಬಿಟ್ಟರೆ ಉಳಿದ ಇಲಾಖೆಗಳಲ್ಲಿ "ನಾನು ಅರ್ಹ" ಎಂದು ಕಂಪನಿ ತಾನೇ ಘೋಷಿಸಿಕೊಂಡರೆ ಸಾಕಿತ್ತು. ಅದರ ಫಲವೇನೆಂಬುದನ್ನು ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2009ರಲ್ಲಿ ತೆರೆದಿಟ್ಟಿತು. ಅದು ತನಿಖೆ ಮಾಡಿದ ಹತ್ತು ಅನರ್ಹ ಕಂಪನಿಗಳೇ ಸುಮಾರು 10 ಕೋಟಿ ಡಾಲರ್ ಮೌಲ್ಯದ ಇಂಥ ಗುತ್ತಿಗೆ ಗಿಟ್ಟಿಸಿಕೊಂಡಿದ್ದವು. ಕ್ಯಾನ್ಸಸ್ ಸಿಟಿಯಲ್ಲಿ ಬಯಲಾದ ಪ್ರಕರಣ ಅದಕ್ಕಿಂತ ದೊಡ್ಡದು. ಅಲ್ಲಿ ಅಂಗವಿಕಲ ಯೋಧರೊಬ್ಬರನ್ನು ಹೆಸರಿಗಷ್ಟೇ ಮಾಲೀಕರನ್ನಾಗಿ ಕೂರಿಸಿ, ಕಂಪನಿಯ ಲಗಾಮನ್ನು ಬೇರೆಯವರು ಹಿಡಿದಿದ್ದರು. ವರ್ಷಗಟ್ಟಲೆ ನಡೆದ ಈ ಬೇನಾಮಿ ವ್ಯವಹಾರದಲ್ಲಿ 33 ಕೋಟಿ ಡಾಲರ್ ಮೀರಿದ ಗುತ್ತಿಗೆಗಳು ಕೈ ಬದಲಾದವು. ಆ ಒಂದೊಂದು ಕಾಂಟ್ರಾಕ್ಟಿನ ಹಿಂದೆಯೂ ಅದು ನ್ಯಾಯವಾಗಿ ಸಲ್ಲಬೇಕಿದ್ದ ಯೋಧರೊಬ್ಬರಿದ್ದರು. ತಮ್ಮ ಕೈ ತಪ್ಪಿದ್ದು ಏಕೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈ ಸಡಿಲು ಈಗ ಬಿಗಿಯಾಗಿದೆ. 2023ರ ಜನವರಿ 1ರಿಂದ ಅರ್ಹತೆ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಹೊಣೆ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಅಂದರೆ ಎಸ್‌ಬಿಎ ಕೈಯಲ್ಲಿದೆ. ಕಂಪನಿಯ ಕನಿಷ್ಠ ಶೇ. 51ರ ಒಡೆತನ ಯಾವ ಷರತ್ತಿಗೂ ಒಳಪಡದೆ ವೆಟರನ್ ಅವರದ್ದಾಗಿರಬೇಕು. ಅತ್ಯುನ್ನತ ಹುದ್ದೆಯೂ ಅವರದೇ, ದಿನನಿತ್ಯದ ಆಡಳಿತವೂ ಅವರದೇ ಆಗಿರಬೇಕು. ಸೇವೆಗಳ ಗುತ್ತಿಗೆಯಾದರೆ, ಸರ್ಕಾರ ಕೊಡುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಂಥದೇ ಅರ್ಹತೆಯಿಲ್ಲದ ಸಬ್‌ಗಳಿಗೆ ದಾಟಿಸುವಂತಿಲ್ಲ. ನಮ್ಮ ಸಾಫ್ಟ್‌ವೇರ್ ಕಸುಬಿನವರು ಈ ಕೊನೆಯ ನಿಯಮವನ್ನು ಮತ್ತೊಮ್ಮೆ ಓದಿಕೊಳ್ಳಬೇಕು. ಹೆಸರು ಒಬ್ಬರದು, ಕನ್ಸಲ್ಟೆಂಟ್‌ಗಳೆಲ್ಲ ಇನ್ನೊಬ್ಬರವರು ಎಂಬ ಏರ್ಪಾಟು ಇದಕ್ಕೆ ನೇರ ವಿರುದ್ಧ. ಸುಳ್ಳು ಹೇಳಿ ಗುತ್ತಿಗೆ ಪಡೆದರೆ ಐದು ಲಕ್ಷ ಡಾಲರ್‌ವರೆಗೆ ದಂಡ, ಹತ್ತು ವರ್ಷದವರೆಗೆ ಜೈಲು.

ಕರ್ನಾಟಕದಿಂದ ಬಂದ ನಮಗೆ ಈ ಅನ್ಯಾಯದ ಬಗೆ ಗೊತ್ತಿಲ್ಲದ್ದಲ್ಲ. ಸುಳ್ಳು ಜಾತಿ ಪ್ರಮಾಣಪತ್ರ ತಂದು ಮೀಸಲು ಸೀಟು, ಮೀಸಲು ನೌಕರಿ ಹಿಡಿದವರ ಸುದ್ದಿ ಓದುತ್ತಲೇ ಬೆಳೆದವರು ನಾವು. ಅಂಥ ಪ್ರಕರಣಗಳ ತನಿಖೆಗೆಂದು ಅಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೇ ಇದೆ. ಅಲ್ಲಿ ಯಾವುದನ್ನು ತಪ್ಪೆಂದು ಖಂಡಿಸುತ್ತೇವೋ ಅದನ್ನೇ ಇಲ್ಲಿ "ಎಲ್ಲರೂ ಮಾಡ್ತಾರೆ" ಎಂದು ಒಪ್ಪಿಕೊಳ್ಳಬಾರದು. ಈ ದೇಶ ನಮಗೆ ಕೆಲಸ ಕೊಟ್ಟಿದೆ, ಮನೆ ಕೊಟ್ಟಿದೆ, ಬಹಳ ಮಂದಿಗೆ ಪೌರತ್ವವನ್ನೂ ಕೊಟ್ಟಿದೆ. ಅದರ ಯೋಧರಿಗೆಂದು ತೆಗೆದಿಟ್ಟದ್ದನ್ನು ಮುಟ್ಟದಿರುವುದು ಪ್ರಜೆಗಳಾಗಿ ನಮ್ಮ ಕನಿಷ್ಠ ಕರ್ತವ್ಯ.

ಪರಿಶೀಲನೆ ಬಿಗಿಯಾದಷ್ಟೂ ನಿಜವಾದ ಯೋಧರೂ ಎಡವುತ್ತಾರೆ ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. ಕಂಪನಿಯ ಒಪ್ಪಂದಪತ್ರದಲ್ಲಿ "ಎಲ್ಲ ಪಾಲುದಾರರೂ ಒಪ್ಪಿದ ಮೇಲೆಯೇ ನಿರ್ಧಾರ" ಎಂಬ ಒಂದು ಸಾಲಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ವೆಟರನ್ ತೆಗೆದುಕೊಂಡ ನಿರ್ಧಾರವನ್ನು ಬೇರೆಯವರು ತಡೆಯಲು ಅದು ಅವಕಾಶ ಕೊಡುತ್ತದೆ ಎಂಬುದೇ ಕಾರಣ. ಗೆಳೆಯರು ಸೇರಿ ಪ್ರಾಮಾಣಿಕವಾಗಿ ಕಟ್ಟಿದ ಕಂಪನಿಗೂ ಹೀಗಾಗಬಹುದು. ಆದರೆ ಇದಕ್ಕೆ ಪರಿಹಾರ ಕಾವಲು ತೆಗೆಯುವುದಲ್ಲ. ಕಾಗದಪತ್ರ ಬಲ್ಲವರು ಅವರ ಪಕ್ಕದಲ್ಲಿ ಕೂತು ನೆರವಾಗಬೇಕು.

ಹಾಗಾಗಿ ನನ್ನ ಕೋರಿಕೆಗಳು ಇವು.

ಕಂಪನಿ ನಡೆಸುವವರೇ, ವೆಟರನ್ ಒಬ್ಬರ ಹೆಸರನ್ನು ಬಾಡಿಗೆಗೆ ಪಡೆಯಬೇಡಿ. ಅವರೊಡನೆ ದುಡಿಯುವ ಮನಸ್ಸು ನಿಜವಾಗಿ ಇದ್ದರೆ ನ್ಯಾಯದ ದಾರಿಗಳಿವೆ. ಅಲ್ಪ ಪಾಲಿನ ಪಾಲುದಾರರಾಗಿ, ಅಥವಾ ಮಿತಿಯೊಳಗಿನ ಸಬ್ ಆಗಿ. ಎಸ್‌ಬಿಎಯ ಮೆಂಟರ್-ಪ್ರೊಟೆಜೆ ಯೋಜನೆಯಡಿ ಅವರ ಸಂಸ್ಥೆಯ ಜೊತೆ ಜಂಟಿ ಉದ್ಯಮವನ್ನೂ ಕಟ್ಟಬಹುದು. ಅದರಲ್ಲಿ ಶೇ. 51ರ ಒಡೆತನ ಅವರದು, ಜಂಟಿ ಸಂಸ್ಥೆ ಮಾಡುವ ಕೆಲಸದಲ್ಲಿ ಕನಿಷ್ಠ ಶೇ. 40 ಅವರ ಕಂಪನಿಯದು.

ಇಲ್ಲಿನ ಸೇನೆಯಲ್ಲಿ ಸೇವೆ ಸಲ್ಲಿಸಿ ಬಂದವರೇ, ನಮ್ಮ ಎರಡನೇ ತಲೆಮಾರಿನ ಮಕ್ಕಳೇ, ನಿಮ್ಮ ಹೆಸರನ್ನು ಅಗ್ಗಕ್ಕೆ ಕೊಡಬೇಡಿ. ನಿಮ್ಮದೇ ಕಂಪನಿ ಇದ್ದರೆ ಎಸ್‌ಬಿಎ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಡಿ-214 ಪತ್ರ ಮತ್ತು ಕಂಪನಿಯ ದಾಖಲೆಗಳನ್ನು ಹೊಂದಿಸಿಕೊಳ್ಳಿ. ಅಂಗವೈಕಲ್ಯ ಸೇವೆಯಿಂದ ಬಂದದ್ದೆಂದು ವೆಟರನ್ಸ್ ಅಫೇರ್ಸ್ ಒಪ್ಪಿದ್ದರೆ ಸಾಕು, ಇಷ್ಟೇ ಪ್ರಮಾಣ ಇರಬೇಕೆಂಬ ಕನಿಷ್ಠ ಮಿತಿ ಇಲ್ಲ. ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ. ಎಸ್‌ಬಿಎ ಇದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಣ ಕೊಟ್ಟರೆ ಖಂಡಿತ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬೇಡಿ. ಅಪೆಕ್ಸ್ ಆಕ್ಸೆಲರೇಟರ್ ಕಚೇರಿಗಳೂ ಎಸ್‌ಬಿಎ ನೆರವಿನ ವೆಟರನ್ಸ್ ಬಿಸಿನೆಸ್ ಔಟ್‌ರೀಚ್ ಸೆಂಟರ್‌ಗಳೂ ನಿಮಗೆ ಸಲಹೆ ನೀಡುತ್ತವೆ.

ಇಂಥ ಕಂಪನಿಗಳಲ್ಲಿ ನೌಕರಿ ಮಾಡುವವರೇ, ಮಾಲೀಕರೆಂದು ಕಾಗದದಲ್ಲಿರುವ ಯೋಧರನ್ನು ನೀವು ಒಮ್ಮೆಯೂ ಕಂಡಿಲ್ಲ, ಎಲ್ಲ ಆದೇಶ ಬೇರೆ ಕಡೆಯಿಂದಲೇ ಬರುತ್ತಿದೆ ಎಂದಾದರೆ ಸುಮ್ಮನಿರಬೇಡಿ. ದೂರು ಕೊಡಲು ಎಸ್‌ಬಿಎಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇದೆ. ಸುಳ್ಳು ಹೇಳಿ ಸರ್ಕಾರದ ಹಣ ಪಡೆದವರ ವಿರುದ್ಧ ದಾವೆ ಹೂಡುವ ನೌಕರರಿಗೆ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ರಕ್ಷಣೆ ಕೊಡುತ್ತದೆ. ವೀಸಾದ ಮೇಲಿರುವವರಿಗೆ ಅಂಜಿಕೆ ಸಹಜ. ಅವರು ಮೊದಲು ಒಬ್ಬ ವಕೀಲರನ್ನು ಕಂಡು ಮುಂದುವರಿಯಲಿ.

ಕನ್ನಡ ಸಂಘಗಳ ಪದಾಧಿಕಾರಿಗಳೇ, ನಿಮ್ಮ ಉದ್ಯಮ ಗೋಷ್ಠಿಗಳಲ್ಲಿ ಈ ನಿಯಮಗಳಿಗೆ ಒಂದು ತಾಸು ಮೀಸಲಿಡಿ. ಗುತ್ತಿಗೆಯ ಕಾನೂನು ತಿಳಿದವರು ನಮ್ಮ ನಡುವೆ ಇದ್ದಾರೆ. ಊರಿನ ವೆಟರನ್ ಉದ್ಯಮಿಗಳನ್ನೂ ಕರೆಯಿರಿ, ಅವರು ಕನ್ನಡಿಗರೇ ಆಗಿರಬೇಕಿಲ್ಲ. ಅವರ ಒಪ್ಪಂದಪತ್ರ ಓದಿ ತೊಡಕು ಎಲ್ಲಿದೆಯೆಂದು ತೋರಿಸಿ, ಬಿಡ್ ಬರೆಯುವುದು ಹೇಗೆಂದು ಹೇಳಿಕೊಡಿ. ನಮ್ಮ ಅನುಭವದ ನೆರವು ಅವರಿಗೆ ಬೇಕು. ಅವರ ಹೆಸರಿನ ಆಸರೆ ನಮಗೆ ಬೇಡ.