ನರ್ಸಿಂಗ್ ಸೇರುವ ಮುನ್ನ ವಾರ್ಡ್ ನೋಡಲಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಮಗಳನ್ನು ನರ್ಸಿಂಗಿಗೆ ಹಾಕೋಣ, ಕೆಲಸಕ್ಕೆ ತೊಂದರೆಯಿಲ್ಲ." ಮಂಗಳೂರಿಗೋ ಉಡುಪಿಗೋ ಕಳುಹಿಸಿದರೆ ಅಜ್ಜಿಮನೆಯೂ ಹತ್ತಿರ. ಬಿ.ಎಸ್ಸಿ. ನರ್ಸಿಂಗ್ ಆದರೆ ನಾಲ್ಕು ವರ್ಷ, ಜಿ.ಎನ್.ಎಂ. ಆದರೆ ಮೂರು ವರ್ಷ. ಶುಲ್ಕ, ಹಾಸ್ಟೆಲು ಎಂದು ಒಡವೆ ಅಡವಿಡುವ ತಂದೆ-ತಾಯಿ, ಹುಡುಗಿ ಒಮ್ಮೆಯಾದರೂ ರೋಗಿಯ ಹಾಸಿಗೆ ಪಕ್ಕ ನಿಂತಿದ್ದಾಳೆಯೇ ಎಂದು ಮಾತ್ರ ಕೇಳುವುದಿಲ್ಲ.

ನನ್ನ ಅಕ್ಕನ ಮಗಳು ಓದಿನಲ್ಲಿ ಜಾಣೆ. ಆದರೆ ವಾರ್ಡಿಗೆ ಹಾಕಿದ ಮೊದಲ ವಾರವೇ ಬೆಡ್‌ಪ್ಯಾನ್ ಹಿಡಿದು ಅತ್ತಳು. ವರ್ಷ ತುಂಬುವ ಮುನ್ನ ಮನೆಗೆ ಮರಳಿದಳು. ಕಟ್ಟಿದ ಹಣ ಹೋಯಿತು. ಮೂಲ ಅಂಕಪಟ್ಟಿ ವಾಪಸು ಪಡೆಯಲು ಭಾವ ಕಾಲೇಜಿಗೆ ಅಲೆದದ್ದು ಬೇರೆ. ತಪ್ಪು ಅವಳದ್ದಲ್ಲ. ಆ ಕೆಲಸ ಹೇಗಿರುತ್ತದೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ತೋರಿಸುವ ದಾರಿ ಇದೆ. ನರ್ಸ್‌ಗಳಿಗೆ ನೆರವಾಗುವ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಎಂಬ ಕೆಲವೇ ತಿಂಗಳ ತರಬೇತಿ ಕೇಂದ್ರದ ಕೌಶಲ ಯೋಜನೆಗಳಡಿ ನಡೆಯುತ್ತದೆ. ರೋಗಿ ಮಲಗಿರುವಂತೆಯೇ ಹಾಸಿಗೆ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು, ಕೈ ತೊಳೆಯುವ ಸರಿಯಾದ ಕ್ರಮ: ಇವನ್ನೆಲ್ಲ ಅಲ್ಲಿ ಕಲಿಸುತ್ತಾರೆ. ಮಾರ್ಚಿಯಲ್ಲಿ ಪರೀಕ್ಷೆ ಮುಗಿದರೆ, ಸಿಇಟಿ, ಪ್ರವೇಶದ ಸುತ್ತುಗಳೆಂದು ಕಾಲೇಜು ಶುರುವಾಗಲು ತಿಂಗಳುಗಟ್ಟಲೆ ಕಾಯಬೇಕು. ಆ ರಜೆಯಲ್ಲಿ ಇದನ್ನೇಕೆ ಕಲಿಯಬಾರದು? ಒಗ್ಗಲಿಲ್ಲವೆಂದರೆ ಹೋಗುವುದು ಒಂದು ರಜೆ ಮಾತ್ರ. ಒಗ್ಗಿದರೆ, ಕಾಲೇಜಿನ ಮೊದಲ ವರ್ಷದಲ್ಲಿ ರೋಗಿಯನ್ನು ಮುಟ್ಟಲು ಅವಳ ಕೈ ನಡುಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಪ್ರಮಾಣಪತ್ರದಿಂದ ಯಾರೂ ನರ್ಸ್ ಆಗುವುದಿಲ್ಲ. ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಿಗುವುದಿಲ್ಲ, ಇಂಜೆಕ್ಷನ್ ಕೊಡುವಂತಿಲ್ಲ, ಕಾಲೇಜು ಪ್ರವೇಶಕ್ಕೆ ಹೆಚ್ಚುವರಿ ಅಂಕವೂ ಇಲ್ಲ. ರೈಲ್ವೆ ನಿಲ್ದಾಣಗಳ ಹೊರಗೆ 'ಆರು ತಿಂಗಳಲ್ಲಿ ನರ್ಸ್' ಎಂಬ ಬೋರ್ಡು ಕಂಡರೆ ದಯವಿಟ್ಟು ಮುಂದೆ ನಡೆಯಿರಿ.

ಇದಕ್ಕೆ ಆಕ್ಷೇಪವೂ ಉಂಟು. ನಮ್ಮ ಚಾಳಿನ ಹಿರಿಯರೊಬ್ಬರು, "ಕೈಗೆ ನಾಲ್ಕು ಕಾಸು ಬಂದ ಮೇಲೆ ಹುಡುಗಿ ಮತ್ತೆ ಓದುತ್ತಾಳೆಯೇ?" ಎಂದರು. ಮಾತು ಸುಳ್ಳಲ್ಲ. ಬ್ಯೂರೋ ಮೂಲಕ ಮನೆಮನೆಗೆ ಹನ್ನೆರಡು ಗಂಟೆಯ ಪಾಳಿಗೆ ಹೋಗುತ್ತ, ಓದನ್ನು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ತಳ್ಳಿದ ಹುಡುಗಿಯರನ್ನು ನಾನೂ ಬಲ್ಲೆ. ಆದರೆ ಅವರನ್ನು ನಿಲ್ಲಿಸಿದ್ದು ತರಬೇತಿಯಲ್ಲ, ಮನೆಯ ಬಾಡಿಗೆ. ಆದ್ದರಿಂದ ಕಾಲೇಜಿನ ಅರ್ಜಿ ತುಂಬಿಯೇ ತರಬೇತಿಗೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಸಂಘ-ಸಂಸ್ಥೆಗಳು ಪ್ರತಿ ವರ್ಷ ಶಾಲು, ಹಾರಗಳೊಂದಿಗೆ ವಿದ್ಯಾರ್ಥಿವೇತನ ವಿತರಿಸುತ್ತವೆ. ಸಂತೋಷ. ಈ ಬಾರಿ ಅದರಲ್ಲೊಂದು ಪಾಲನ್ನು ಇಂಥ ತರಬೇತಿಗೆ ತೆಗೆದಿಡಲಿ. ಸದಸ್ಯರಲ್ಲಿ ನಿವೃತ್ತ ದಾದಿಯರಿದ್ದರೆ ವೇದಿಕೆಯಲ್ಲಿ ಶಾಲು ಹೊದೆಸಿ ಕಳುಹಿಸದೆ, ಹುಡುಗಿಯರ ಜತೆ ಒಂದು ಮಧ್ಯಾಹ್ನ ಕೂರಿಸಿ ಮಾತಾಡಿಸಲಿ.